ಕಚ್ಚಾ ಹೊಲಿಗೆ

ನನ್ನ ಕೈ ನಡುಗುವುದಿಲ್ಲ ಎಂದು ಮೂವತ್ತು ವರ್ಷ ಜಂಬ ಕೊಚ್ಚಿಕೊಂಡವಳು ನಾನು. ಕರೀ ಬಟ್ಟೆಯ ಮೇಲೆ ಕರೀ ದಾರದಲ್ಲಿ ಕಾಜಾ ಹೊಲಿಯುವಾಗಲೂ ನನ್ನ ಸೂಜಿ ಒಂದು ಎಳೆ ಆಚೀಚೆ ಹೋದದ್ದಿಲ್ಲ. ಅದೇ ಕೈಯಿಂದ ನನ್ನ ತಮ್ಮನ ಕಣ್ಣಿಗೆ ಕೇಡು ಮಾಡಿದೆ. ಓದಿದ ಮೇಲೆ ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ. ನನಗೆ ನಾನೇ ಬೈದುಕೊಂಡದ್ದನ್ನು ಮೀರಿಸುವುದು ಕಷ್ಟ.

ನಮ್ಮದು ಕೋಟು ಹೊಲಿಯುವ ಅಂಗಡಿ. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ಹಿಂದೆ ತಮ್ಮನ ರಾಜ್ಯಭಾರ. ಗಿರಾಕಿಗಳಿಗೆಲ್ಲ ಅವನು ‘ಮಾಸ್ಟರ್’. ಅಳತೆ ತೆಗೆಯುವುದು, ಸುಣ್ಣದ ಬಿಲ್ಲೆಯಿಂದ ಬಟ್ಟೆಯ ಮೇಲೆ ಗೆರೆ ಎಳೆಯುವುದು, ಕತ್ತರಿಸುವುದು ಅವನ ಕೆಲಸ. ಅವನ ದೊಡ್ಡ ಕತ್ತರಿಯನ್ನು ಬೇರೆ ಯಾರೂ ಮುಟ್ಟಕೂಡದು. ಒಮ್ಮೆ ಅದರಲ್ಲಿ ನಾನು ಕಾಗದ ಕತ್ತರಿಸಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಹಿಂದಿನ ಕೋಣೆ ನನ್ನದು. ಗುಂಡಿ, ಕಾಜಾ, ಅಸ್ತರು, ಅಂಚು, ಹೀಗೆ ಕೈಹೊಲಿಗೆ ಅನ್ನಿಸಿಕೊಂಡದ್ದೆಲ್ಲ ನನ್ನ ಪಾಲಿಗೆ. ಮನೆ ಅಂಗಡಿಯ ಮೇಲೆಯೇ. ನಾನು ಮದುವೆಯ ಉಸಾಬರಿಗೇ ಹೋಗಲಿಲ್ಲ, ಅವನು ಹೋಗಿ ಎರಡು ವರ್ಷಕ್ಕೆ ವಾಪಸ್ ಬಂದ.

ಕೋಟಿನ ತುಂಡುಗಳನ್ನು ನಾವು ಮೊದಲು ಬಿಳಿ ದಾರದಲ್ಲಿ ಸಡಿಲವಾಗಿ ಜೋಡಿಸಿಕೊಳ್ಳುತ್ತೇವೆ. ಅದಕ್ಕೆ ಕಚ್ಚಾ ಹೊಲಿಗೆ ಎಂದು ಹೆಸರು. ಮಿಷನ್ನಿನ ಗಟ್ಟಿ ಹೊಲಿಗೆ ಬಿದ್ದ ಮೇಲೆ ಆ ಬಿಳಿ ದಾರವನ್ನೆಲ್ಲ ಕಿತ್ತು ತೆಗೆಯಬೇಕು. ಕೀಳುವುದರಲ್ಲಿ ನಾನು ಎತ್ತಿದ ಕೈ. ಎಲ್ಲೇ ಒಂದು ಎಳೆ ಸಡಿಲವಾಗಿ ನೇತಾಡುತ್ತಿದ್ದರೂ ನನಗೆ ಸಮಾಧಾನವಿಲ್ಲ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಕಾಲರಿನಿಂದ ದಾರ ಕಿತ್ತು ಬೈಸಿಕೊಂಡದ್ದೂ ಇದೆ.

ತಮ್ಮನಿಗೆ ಚಿಕ್ಕಂದಿನಿಂದ ಕಣ್ಣುಜ್ಜುವ ಚಾಳಿ. ಅದರಿಂದಲೇ ಬಂತೋ, ಬರಬೇಕೆಂದಿದ್ದದ್ದು ಬಂತೋ, ಕಣ್ಣಿನ ಮುಂದಿರುವ ಗಾಜಿನಂಥ ಪೊರೆ ದುಂಡಗಿರುವುದನ್ನು ಬಿಟ್ಟು ಶಂಕುವಿನ ಹಾಗೆ ಚೂಪಾಗುತ್ತ ಹೋಯಿತು. ಡಾಕ್ಟರುಗಳು ಆ ಪೊರೆಗೆ ಕಾರ್ನಿಯಾ ಅನ್ನುತ್ತಾರೆ. ಬಲಗಣ್ಣಿನ ಪೊರೆ ಬಿರಿದು ಕಲೆಗಟ್ಟಿತು, ಅದಕ್ಕೀಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಉಳಿದದ್ದು ಎಡಗಣ್ಣು. ಅದಕ್ಕೆ ಕನ್ನಡಕ ಸಾಲದಾಯಿತು, ಆಮೇಲೆ ಗಟ್ಟಿ ಲೆನ್ಸೂ ನಿಲ್ಲದಾಯಿತು. ಒಂದು ಬೀದಿದೀಪ ಮೂರಾಗಿ ಕಾಣುತ್ತಿತ್ತು. ಅವನ ಗೆರೆಗಳು ತಪ್ಪತೊಡಗಿದವು.

ಅವನು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದಾಗ ನಾನು ಮುಂದಿನ ಕೋಣೆಗೆ ಬಂದು, ತಪ್ಪಿದ ಗೆರೆ ಒರೆಸಿ, ಸರಿಯಾದದ್ದು ಎಳೆದು, ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಅವನಿಗೆ ಹೇಳಲಿಲ್ಲ. ಮಾಸ್ಟರ್ ಅನ್ನಿಸಿಕೊಂಡವನಿಗೆ ಗೆರೆ ತಪ್ಪಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಪೊರೆ ಬದಲಾಯಿಸಲೇಬೇಕು ಎಂದರು. ನನ್ನ ವಯಸ್ಸಿನವರೇ, ಕುಳ್ಳಗೆ, ಮಾತು ಚುರುಕು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಕಣ್ಣು ಬಿಚ್ಚಿ ತೋರಿಸುತ್ತ ವಿವರಿಸಿದರು. ಪೊರೆ ಪೂರ್ತಿ ತೆಗೆಯುವುದಿಲ್ಲ. ಮೇಲಿನ ಪದರಗಳನ್ನಷ್ಟೇ ತೆಗೆದು, ಒಳಗಿನ ತೆಳು ಪದರ ಅವನದ್ದೇ ಉಳಿಸಿಕೊಂಡು, ತೀರಿಕೊಂಡವರು ಯಾರೋ ದಾನ ಕೊಟ್ಟ ಪೊರೆಯನ್ನು ಅದರ ಮೇಲೆ ಕೂರಿಸುತ್ತಾರೆ. ಎರಡರ ಅಂಚನ್ನೂ ಲೇಸರ್ ಒಂದೇ ಅಳತೆಗೆ ಕತ್ತರಿಸಿಕೊಡುತ್ತದೆ, ಆದ್ದರಿಂದ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ.

“ಅಸ್ತರು ಹಾಗೇ ಬಿಟ್ಟು ಮೇಲ್ಬಟ್ಟೆ ಬದಲಾಯ್ಸೋದು ಅನ್ನಿ,” ಎಂದೆ ನಾನು.

ಡಾಕ್ಟರಮ್ಮ ನಕ್ಕುಬಿಟ್ಟರು. “ಇಷ್ಟು ವರ್ಷ ಇದನ್ನ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ ನೋಡಿ. ಇನ್ಮೇಲೆ ಹೀಗೇ ಹೇಳ್ತೀನಿ.”

“ಹೊಲಿಗೆ ಎಷ್ಟು?”

“ಹದಿನಾರು. ಕೂದಲಿಗಿಂತ ಸಣ್ಣ ದಾರ. ಗಾಯ ಕೂಡಿಕೊಂಡ ಮೇಲೆ ಒಂದೊಂದಾಗಿ ತೆಗಿತಾ ಬರ್ತೀವಿ. ಎಲ್ಲ ಮುಗಿಯೋಕೆ ಒಂದು ವರ್ಷ, ಹೆಚ್ಚೂ ಆಗಬಹುದು.”

“ಕಚ್ಚಾ ಹೊಲಿಗೆ,” ಎಂದೆ. ಅವರು ಅದಕ್ಕೂ ತಲೆಯಾಡಿಸಿದರು. ಆ ಒಂದು ತಲೆಯಾಡಿಸುವಿಕೆ ನನ್ನ ತಲೆಗೇರಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ತಮ್ಮನ ಮುಖ ಬಾಡಿಹೋಯಿತು. ಪಟ್ಟಿ ಬಿಚ್ಚಿದ ಕೂಡಲೇ ಜಗತ್ತು ಝಗ್ಗನೆ ಕಾಣುತ್ತದೆ ಅಂದುಕೊಂಡಿದ್ದ. ಕಂಡದ್ದು ಹಬೆ ಕೂತ ಕಿಟಕಿಯಾಚೆ ನೋಡಿದಷ್ಟು. ಹೊಲಿಗೆ ಬಿಗಿಯಾಗಿರುವುದರಿಂದ ಪೊರೆ ಅಲ್ಲಲ್ಲಿ ಎಳೆದುಕೊಂಡಿರುತ್ತದೆ, ತಾಳ್ಮೆ ಬೇಕು ಎಂದರು ಡಾಕ್ಟರಮ್ಮ. ಬಿಗಿ ಹೊಲಿಗೆಗೆ ಬಟ್ಟೆ ಸುಕ್ಕುಬರುವುದು ನನಗೆ ಹೊಸದೇ? ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಅದನ್ನೇ ಬಿಡಿಸಿ ಹೇಳಿದೆ. ಪ್ರತಿ ಸಲ ತೋರಿಸಲು ಹೋದಾಗ ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಹೇಳಿದೆ. ಹನಿ ಹಾಕುವುದು ಹೇಗೆ, ಮಲಗುವುದು ಹೇಗೆ, ಕೇಳಿದವರಿಗೂ ಕೇಳದವರಿಗೂ ಉಪದೇಶ. ಒಬ್ಬಾಕೆ ನನ್ನನ್ನು ನರ್ಸಮ್ಮ ಅಂದುಕೊಂಡು ಚೀಟಿ ತೋರಿಸಿದಾಗ ನಾನಲ್ಲ ಎನ್ನಲೂ ಇಲ್ಲ.

ಮೂರು ತಿಂಗಳು ಕಳೆದವು. ಹಬೆ ಸ್ವಲ್ಪಸ್ವಲ್ಪವೇ ಕರಗಿತು. ಆಸ್ಪತ್ರೆಯ ಅಕ್ಷರದ ಬೋರ್ಡಿನಲ್ಲಿ ಮೇಲಿನಿಂದ ನಾಲ್ಕನೇ ಸಾಲಿನವರೆಗೂ ಓದಿದ. ಡಾಕ್ಟರಮ್ಮ, “ನಿಮ್ಮ ಕತ್ತರಿ ಸಾಣೆ ಹಿಡಿಸಿಡಿ,” ಎಂದರು. ಅವನು ಆ ದಿನವೇ ಹಿಡಿಸಿದ.

ಆ ಭಾನುವಾರ ಬೆಳಿಗ್ಗೆ ಅವನು ಕಣ್ಣಲ್ಲಿ ಏನೋ ಚುಚ್ಚುತ್ತಿದೆ ಎಂದ. ರೆಪ್ಪೆ ಬಡಿದಾಗಲೆಲ್ಲ ನೀರು. ಆಸ್ಪತ್ರೆಯ ಯಂತ್ರ ಬೇಕಾಗಲಿಲ್ಲ, ಕಸೂತಿ ಕೆಲಸಕ್ಕೆ ಇಟ್ಟುಕೊಂಡಿರುವ ಕಾಲು ಇರುವ ಭೂತಗನ್ನಡಿಯನ್ನು ದೀಪದ ಕೆಳಗಿಟ್ಟು ನೋಡಿದೆ. ಕೆಳಗಡೆ, ಮೂಗಿನ ಪಕ್ಕಕ್ಕೆ, ಒಂದು ಹೊಲಿಗೆ ಸಡಿಲವಾಗಿ ತುಂಡಾಗಿ, ಅದರ ತುದಿ ಮೇಲಕ್ಕೆದ್ದು ನಿಂತಿತ್ತು.

“ನಾಳೆ ಆಸ್ಪತ್ರೆಗೆ ಹೋಗೋಣ ಅಕ್ಕ,” ಎಂದ.

“ಒಂದು ಎಳೆ ತೆಗೆಯೋಕೆ ಎರಡು ಬಸ್ಸು ಹತ್ತಬೇಕಾ? ಹೇಗೂ ಅವರೇ ತೆಗೆದು ಬಿಸಾಡೋ ದಾರ ಅದು.”

“ಕಣ್ಣು ಕಣೇ ಇದು. ಕೋಟಲ್ಲ.”

“ಗೊತ್ತು ಕಣೋ. ನನ್ನ ಕೈ ಯಾವತ್ತಾದ್ರೂ ನಡುಗಿದ್ದು ನೋಡಿದ್ದೀಯಾ?”

ನೋಡಿರಲಿಲ್ಲ. ಅಷ್ಟೇ ಅವನ ತಪ್ಪು. ನಾನೇನು ಅಜ್ಞಾನಿಯಲ್ಲ, ಚಿಮ್ಮಟವನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿದೆ, ಕೈಗೆ ಮೂರು ಸಲ ಸೋಪು ಹಾಕಿದೆ. ಅವನನ್ನು ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಅವನು ಉಸಿರು ಹಿಡಿದ. ಎದ್ದು ನಿಂತಿದ್ದ ತುದಿಯನ್ನು ಹಿಡಿದು ಕೋಟಿನಿಂದ ಎಳೆಯುವ ಹಾಗೆಯೇ ಎದುರು ಬದಿಗೆ ಮೆಲ್ಲಗೆ ಎಳೆದೆ. ನನ್ನ ಕೈ ಒಂದಿಷ್ಟೂ ಅಲುಗಲಿಲ್ಲ. ದಾರ ಬಂತು. ಬೆಳಕಿಗೆ ಹಿಡಿದರೂ ಕಾಣುವಷ್ಟು ದಪ್ಪ ಇರಲಿಲ್ಲ.

ಚುಚ್ಚುವುದು ನಿಂತಿತು. ಸಾಲದ್ದಕ್ಕೆ, ಮಧ್ಯಾಹ್ನದ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು ಎದುರಿನ ಚಹಾದಂಗಡಿಯ ಬೋರ್ಡನ್ನು ಮೊದಲಿಗಿಂತ ಸಲೀಸಾಗಿ ಓದಿದ. ಬಿಗಿ ಬಿಟ್ಟಿತಲ್ಲ, ಸುಕ್ಕು ಹೋಯಿತು ಎಂದು ನಾನು ಬೀಗಿದೆ. “ನೋಡಿದ್ಯಾ, ಡಾಕ್ಟರಮ್ಮಂಗೆ ಒಂದು ಕೆಲಸ ಕಮ್ಮಿ ಮಾಡ್ದೆ,” ಎಂದೆ. ಇಬ್ಬರೂ ನಕ್ಕೆವು.

ಬುಧವಾರ ಬೆಳಿಗ್ಗೆ ಕಣ್ಣು ಕೆಂಪಗಾಗಿತ್ತು. ಬೆಳಕಿಗೆ ಮುಖ ಎತ್ತಲಾರ. “ಸ್ವಲ್ಪ ಮಬ್ಬು, ಅಷ್ಟೆ,” ಎಂದ, ನನ್ನನ್ನು ನೋಡದೆ. ಆಗಲೇ ಎರಡು ಬಸ್ಸು ಹತ್ತಿ ಹೊರಟೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಆಪರೇಷನ್ ಕೋಣೆಯಲ್ಲಿದ್ದರು, ಸಂಜೆಯವರೆಗೆ ಸಿಗುವುದಿಲ್ಲ ಎಂದರು. ಕಿರಿಯ ಡಾಕ್ಟರು ನೋಡಿದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ತಮ್ಮನ ಗದ್ದವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿದರು.

“ಇಲ್ಲೊಂದು ಹೊಲಿಗೆ ಇಲ್ವಲ್ಲ. ನಾವು ತೆಗೆದಿದ್ದು ಬರೆದಿಲ್ಲ.”

ನಾನು ಬಾಯಿ ತೆರೆದೆ. ತಮ್ಮನ ಕೈ ಮೇಜಿನ ಕೆಳಗಿನಿಂದ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

“ತಾನಾಗೇ ಬಿದ್ದುಹೋಗಿರಬೇಕು ಸಾರ್,” ಎಂದ.

“ಯಾರೂ ಮುಟ್ಟಿಲ್ಲ ತಾನೇ? ಹೊರಗಿಂದ ಏನೂ ತಾಗಿಲ್ಲ?”

“ಇಲ್ಲ ಸಾರ್.”

ಕಿರಿಯ ಡಾಕ್ಟರು ಕುರ್ಚಿ ಹಿಂದೆ ಸರಿಸಿ ಹೇಳಿದರು. ಎರಡರಲ್ಲಿ ಒಂದು ಆಗಿರಬಹುದು. ದೇಹ ಹೊಸ ಪೊರೆಯನ್ನು ಒಲ್ಲೆ ಅನ್ನುತ್ತಿರಬಹುದು, ಅಥವಾ ಸೋಂಕು ತಗುಲಿರಬಹುದು. ಒಲ್ಲೆ ಅನ್ನುತ್ತಿದ್ದರೆ ಸ್ಟೀರಾಯ್ಡ್ ಹನಿಯನ್ನು ಗಂಟೆಗೊಮ್ಮೆ ಹಾಕಬೇಕು. ಸೋಂಕಾಗಿದ್ದರೆ ಅದೇ ಹನಿ ಸೋಂಕನ್ನು ಇನ್ನಷ್ಟು ಬೆಳೆಸುತ್ತದೆ. “ಸದ್ಯಕ್ಕೆ ಬಿಳಿ ಚುಕ್ಕೆ ಏನೂ ಕಾಣ್ತಿಲ್ಲ. ಹೊರಗಿಂದ ಏನೂ ಆಗಿಲ್ಲ ಅಂತೀರಿ. ಗಂಟೆಗೊಂದು ಹನಿ ಹಾಕಿ, ನಾಳೆ ಮೇಡಮ್ ನೋಡ್ತಾರೆ.”

ಅಲ್ಲಿಯೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೊರಗಿನ ಬೆಂಚಿನಲ್ಲಿ ನನ್ನಿಂದ ಉಪದೇಶ ಕೇಳಿದ್ದ ಮುಖಗಳು ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದವು. ಡಾಕ್ಟರಮ್ಮನ ನಗು ನೆನಪಾಯಿತು. ನಿಜ ಹೇಳುತ್ತೇನೆ, ತಮ್ಮನ ಕಣ್ಣಿಗಿಂತ ಆ ಕ್ಷಣದಲ್ಲಿ ನನಗೆ ನನ್ನ ಮುಖವೇ ದೊಡ್ಡದಾಯಿತು. ಸುಮ್ಮನೆ ಚೀಟಿ ತೆಗೆದುಕೊಂಡೆ.

ಮನೆಗೆ ಬಂದು ಹನ್ನೊಂದಕ್ಕೆ ಮೊದಲ ಹನಿ ಹಾಕಿದೆ. ಹಾಲಿನಂಥ ಬಿಳಿ ಔಷಧಿ, ಕುಲುಕಿ ಹಾಕಬೇಕು. ಹನ್ನೆರಡಕ್ಕೆ ಎರಡನೆಯದು. ಸೋಂಕಲ್ಲ, ಒಲ್ಲೆ ಅನ್ನುತ್ತಿರುವುದೇ ಇರಬೇಕು, ಡಾಕ್ಟರು ಓದಿದವರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಗಂಟೆ, ಎರಡು ಗಂಟೆ. ಮೂರಕ್ಕೆ ಬಾಟಲಿ ಕುಲುಕುವಾಗ ತಮ್ಮ, “ನಿನ್ನ ಕೈ ತಣ್ಣಗಿದೆ,” ಎಂದ. ನಾಲ್ಕರ ಹನಿ ಹಾಕಿದ ಮೇಲೆ ನೋವು ಹೆಚ್ಚಿತು. ನಾನು ಭೂತಗನ್ನಡಿ ಎಳೆದುಕೊಂಡು ದೀಪ ಹಾಕಿದೆ. ದಾರ ಕಿತ್ತ ಜಾಗದಲ್ಲಿ ಗುಂಡುಸೂಜಿಯ ತುದಿಯಷ್ಟು ಬಿಳಿ ಚುಕ್ಕೆ ಎದ್ದಿತ್ತು.

ಆರು ಹನಿ ಹಾಕಿದ್ದೆ. ಒಂದೊಂದನ್ನೂ ಗೊತ್ತಿದ್ದೇ ಹಾಕಿದ್ದೆ.

“ಏಳು. ಚಪ್ಪಲಿ ಹಾಕ್ಕೋ,” ಎಂದೆ.

“ನಾಳೆ ಬಾ ಅಂದಿದಾರಲ್ಲ.”

“ನಾಳೆ ಅಂತ ಕೂತ್ರೆ ಕಣ್ಣಿರಲ್ಲ. ಏಳು.”

ಆಟೋ ಹಿಡಿದು ಹೋದೆವು. ಡಾಕ್ಟರಮ್ಮ ಬಿಳಿ ಕೋಟು ಕಳಚಿ ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಬರುತ್ತಿದ್ದರು. ಬೆಂಚಿನ ಮೇಲೆ ಆಗಲೂ ನಾಲ್ಕೈದು ಜನ ಕೂತಿದ್ದರು. ನಾನು ಡಾಕ್ಟರಮ್ಮನನ್ನು ಅಡ್ಡಗಟ್ಟಿ ಎಲ್ಲರ ಎದುರಿಗೇ ಹೇಳಿದೆ. “ಹೊಲಿಗೆ ತಾನಾಗೇ ಬಿದ್ದಿಲ್ಲ ಮೇಡಮ್. ಭಾನುವಾರ ನಾನು ಕಿತ್ತೆ. ಚಿಮ್ಮಟದಲ್ಲಿ.”

“ನಾನೇ ಕೀಳು ಅಂದೆ ಮೇಡಮ್,” ಎಂದ ತಮ್ಮ ಹಿಂದಿನಿಂದ.

“ಸುಳ್ಳು. ಇವನು ಬೇಡ ಅಂದ. ನಾನು ಕೇಳಲಿಲ್ಲ.”

ಡಾಕ್ಟರಮ್ಮ ಬಿಳಿ ಕೋಟನ್ನು ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಯಂತ್ರದ ಮುಂದೆ ಅವನನ್ನು ಕೂರಿಸಿಕೊಂಡು ನನ್ನನ್ನು ಕೇಳಿದರು. “ಯಾವ ತುದಿ ಹಿಡಿದು ಎಳೆದ್ರಿ? ಹೊರಗೆ ನಿಂತಿತ್ತಲ್ಲ, ಆ ಕಡೆಯಿಂದ ಎದುರು ಬದಿಗಾ?”

ಹೌದು ಎಂದೆ.

“ಅಂದ್ರೆ ಹೊರಗೆ ಬಿದ್ದಿದ್ದ ತುದಿ ಒಳಗಿನ ದಾರಿಯಲ್ಲಿ ಹಾದು ಬಂತು. ಅದರ ಮೇಲಿದ್ದ ಕ್ರಿಮಿಯೆಲ್ಲ ಒಳಗೆ ಹೋಯ್ತು. ಚಿಮ್ಮಟ ಎಷ್ಟು ಕುದಿಸಿದ್ರೂ ಅಷ್ಟೆ. ನಾವು ತೆಗೆಯೋಕೆ ಮುಂಚೆ ಹನಿ ಹಾಕ್ತೀವಿ, ಹೊರಗಿನ ತುದಿ ಒಳಕ್ಕೆ ಹೋಗದ ಹಾಗೆ ಎಳೀತೀವಿ.” ಅವರು ಬಿಳಿ ಚುಕ್ಕೆಯಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ಸ್ಟೀರಾಯ್ಡ್ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಡ್ರಾಯರಿನಲ್ಲಿಟ್ಟರು. “ಇದನ್ನ ಬೆಳಿಗ್ಗೆ ಹೇಳಿದ್ರೆ,” ಎಂದು ಶುರು ಮಾಡಿ, ನನ್ನ ಮುಖ ನೋಡಿ, ಅಲ್ಲಿಗೇ ಬಿಟ್ಟರು. ಪೂರ್ತಿ ಮಾಡಿದ್ದರೆ ಅದು ಇಷ್ಟು ದಿನ ನನ್ನ ಕಿವಿಯಲ್ಲಿ ಉಳಿಯುತ್ತಿರಲಿಲ್ಲವೇನೋ.

ಅವನನ್ನು ಒಂಬತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಬೇರೆ ಹನಿ, ಅರ್ಧ ಗಂಟೆಗೊಮ್ಮೆ. ಹನಿ ಹಾಕುವುದು ನರ್ಸು. ನಾನು ಹಾಕುವುದಿಲ್ಲ ಎಂದೆ, ಅವನೂ ಒತ್ತಾಯಿಸಲಿಲ್ಲ. ಮೂರನೆಯ ದಿನ ಚುಕ್ಕೆ ದೊಡ್ಡದಾಯಿತು. ಈ ಸಲ ಪೂರ್ತಿ ಪೊರೆಯನ್ನೇ ಬದಲಾಯಿಸಬೇಕಾಗಬಹುದು ಎಂದು ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿ ಹೋದರು. ಆ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿಯೇಬಿಟ್ಟೆ. “ನೀನ್ಯಾಕೋ ಸುಳ್ಳು ಹೇಳ್ದೆ?”

ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡು ಅಂಗಾತ ಮಲಗಿದ್ದ. “ನೀನು ಹೇಳಿದ್ಯಾ?” ಎಂದ.

“ಏನನ್ನ?”

“ಮೂರು ವರ್ಷ ನನ್ನ ಗೆರೆ ತಿದ್ದಿದ್ದು.”

ನಾನು ಅವನ ಹೊದಿಕೆಯ ಅಂಚು ಸರಿಮಾಡತೊಡಗಿದೆ.

“ಒರೆಸಿದ ಕಡೆ ಬಟ್ಟೆಯ ಜುಂಗು ಬೇರೆ ಕಡೆಗೆ ಮಲಗಿರುತ್ತೆ ಅಕ್ಕ. ಬೆರಳಿಗೆ ಗೊತ್ತಾಗಲ್ವಾ? ನಿನ್ನ ಗೆರೆ ದಪ್ಪ ಬೇರೆ. ನಾನು ಚಹಾ ಕುಡಿಯೋಕೆ ಅಂತ ಹೋಗ್ತಿದ್ದದ್ದು ಯಾಕೆ ಅಂದ್ಕೊಂಡೆ? ನಿನಗೆ ಸಮಯ ಸಿಗಲಿ ಅಂತ. ಆ ಚಹಾ ಎಂಥ ಹಾಳು ಚಹಾ, ನಿನಗೆ ಗೊತ್ತಿಲ್ಲ.” ಅವನು ನಗಲು ನೋಡಿದ. “ನೀನು ನನ್ನ ಮಾನ ಮುಚ್ಚಿದೆ. ನಾನು ನಿಂದು ಮುಚ್ಚೋಣ ಅಂದ್ಕೊಂಡೆ.”

ನಾನು ಅಲ್ಲಿಂದ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡು ಒಂದು ಕಣ್ಣನ್ನು ಈ ಗತಿಗೆ ತಂದಿದ್ದೆವು. ಮೊದಲ ವರ್ಷವೇ, ಗೆರೆ ತಪ್ಪುತ್ತಿದೆ ಎಂದು ನಾನು ಹೇಳಿದ್ದರೆ ಬೇಗ ಆಸ್ಪತ್ರೆಗೆ ಹೋಗುತ್ತಿದ್ದೆವು. ಇದೂ ಆಗ ಹೊಳೆಯಿತು.

ಆರನೆಯ ದಿನ ಚುಕ್ಕೆ ಕುಗ್ಗತೊಡಗಿತು. ಪೊರೆ ಉಳಿಯಿತು. ಚುಕ್ಕೆ ಇದ್ದಲ್ಲಿ ಮೋಡದ ಚೂರಿನಂಥ ಕಲೆ ನಿಂತುಬಿಟ್ಟಿತು, ಅದರ ಸುತ್ತ ಪೊರೆ ಎಳೆದುಕೊಂಡಿತು. ತಿಂಗಳ ಮೇಲೆ ಬೋರ್ಡಿನ ಮುಂದೆ ಕೂತಾಗ ಎರಡನೇ ಸಾಲಿಗೇ ತಡವರಿಸಿದ. ಅವನು ಬರಿದೇ ಊಹಿಸಿ ಮೂರನೆಯದನ್ನು ಹೇಳುತ್ತಿದ್ದದ್ದು ನನಗೂ ಡಾಕ್ಟರಮ್ಮನಿಗೂ ತಿಳಿಯಿತು.

“ಉಳಿದ ಹೊಲಿಗೆ ಎಲ್ಲ ತೆಗೆದ ಮೇಲೆ ಗಟ್ಟಿ ಲೆನ್ಸ್ ಹಾಕಿ ನೋಡೋಣ,” ಎಂದರು ಅವರು. “ಎಷ್ಟು ಬರುತ್ತೆ ಅಂತ ಮಾತು ಕೊಡಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಇವತ್ತು ಒಂದು ಹೊಲಿಗೆ ತೆಗೀತೀನಿ. ನೀವು ಹೊರಗೆ ಕೂತ್ಕೊಳ್ಳಿ,” ಎಂದರು. ಹೊರಗೆ ಕೂತೆ. ಪಕ್ಕದವರು ಹನಿ ಹಾಕುವುದು ಹೇಗೆ ಎಂದು ಕೇಳಿದರು. ನರ್ಸನ್ನು ಕೇಳಿ ಎಂದೆ.

ನಿನ್ನೆ ವಾದ್ಯದ ಬ್ಯಾಂಡಿನ ಯಜಮಾನರೊಬ್ಬರ ಕೋಟಿನ ಬಟ್ಟೆ ಬಂತು. ಗಾಢ ನೀಲಿ, ದುಬಾರಿ ಬಟ್ಟೆ, ಒಂದೇ ತುಂಡು, ಕತ್ತರಿಸಿ ಕೆಟ್ಟರೆ ಬೇರೆ ಸಿಗುವುದಿಲ್ಲ. ತಮ್ಮ ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಬಿಲ್ಲೆ ತೆಗೆದುಕೊಂಡ. ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೆನ್ನಿನ ಗೆರೆ ಸರಿಯಾಯಿತು. ಭುಜದ್ದೂ ಸರಿಯಾಯಿತು. ಕಂಕುಳಿನ ತಿರುವಿಗೆ ಬಂದಾಗ ಗೆರೆ ಹೊರಕ್ಕೆ ಜಾರಿತು. ಅವನು ಬಿಲ್ಲೆ ಕೆಳಗಿಟ್ಟ. ಬಾಗಿಲ ಕಡೆ ನಡೆದ. ಚಹಾಕ್ಕೆ.

ಅವನಿಟ್ಟ ಬಿಲ್ಲೆಗೆ ನನ್ನ ಕೈ ತಾನಾಗಿಯೇ ಹೋಗಿತ್ತು. ಹಿಂತೆಗೆದುಕೊಂಡೆ.

“ತಮ್ಮಾ,” ಎಂದೆ. “ಕಂಕುಳ ಹತ್ರ ಗೆರೆ ತಪ್ಪಿದೆ.”

ಅವನು ಹೊಸ್ತಿಲಲ್ಲೇ ನಿಂತ. ಬೆನ್ನು ನನ್ನ ಕಡೆಗಿತ್ತು. ರಸ್ತೆಯಲ್ಲಿ ಎರಡು ಗಾಡಿ ಹೋದವು.

“ಎಷ್ಟು?” ಎಂದ.

“ಒಂದು ಬೆರಳು.”

ಹಿಂದಿರುಗಿ ಬಂದು ಮೇಜಿನ ಮೇಲೆ ಬಗ್ಗಿದ. ತಲೆ ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ, ಕಣ್ಣು ಕಿರಿದು ಮಾಡಿದ. ಆಮೇಲೆ ನೆಟ್ಟಗೆ ನಿಂತ. “ಕಾಣ್ತಿಲ್ಲ ಅಕ್ಕ,” ಎಂದ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅವನ ತೋರುಬೆರಳು ಹಿಡಿದು ತಪ್ಪಿದ ಜಾಗದ ಮೇಲಿಟ್ಟೆ, ಅಲ್ಲಿಂದ ಸರಿಯಾದ ಜಾಗಕ್ಕೆ ನಡೆಸಿದೆ. ಅವನು ಗೆರೆಯನ್ನು ತೋಳಿನಿಂದ ಒರೆಸಿ ಬೆರಳಿನ ಗುರುತಿನ ಮೇಲೆ ಹೊಸದು ಎಳೆದ. ಈ ಸಲ ಸರಿಯಾಯಿತು. ನಂತರ ಕತ್ತರಿ ಎತ್ತಿಕೊಂಡ, ಅದರ ಅಲಗನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಚಾಚಿದ.

“ನಾನು ಒಲ್ಲೆ,” ಎಂದೆ. “ಈ ಕೈಗೆ ಕೊಡಬೇಡ.”

“ಬೇರೆ ಕೈ ಎಲ್ಲಿದೆ ನಮಗೆ? ಹಿಡ್ಕೋ.”

ಹಿಡಿದೆ. ನನ್ನ ಕೈ ನಡುಗುತ್ತಿತ್ತು, ಕತ್ತರಿಯ ಅಲಗುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಅವನಿಗೆ ಅದು ಕೇಳಿಸಿತು. ಬಟ್ಟೆಯ ಎರಡು ಕಡೆಯೂ ಅಂಗೈ ಊರಿ ಅಲುಗದ ಹಾಗೆ ಹಿಡಿದುಕೊಂಡು, “ನಿಧಾನಕ್ಕೆ,” ಎಂದ. “ತಪ್ಪಿದ್ರೆ ಹೇಳು.”